ಬಾಲಾಪರಾಧಿಗಳಲ್ಲಿ ಕೆಲವರು ದೊಡ್ಡವರಾದ ಮೇಲೂ ಅಪರಾಧ ಯಾಕೆ ಬಿಡುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷ ಪ್ರತಿ ಭಾನುವಾರ ಬೆಳಗ್ಗೆ ಒಂದು ಬಾಲಕರ ವೀಕ್ಷಣಾಲಯಕ್ಕೆ ಹೋಗಿ ಹುಡುಗರಿಗೆ ಕನ್ನಡ ಓದುವುದು, ಸ್ವಲ್ಪ ಲೆಕ್ಕ ಹೇಳಿಕೊಡುತ್ತಿದ್ದೆ. ಜನ ಅದನ್ನು ಈಗಲೂ ರಿಮ್ಯಾಂಡ್ ಹೋಂ ಅಂತಲೇ ಕರೆಯುತ್ತಾರೆ. ಈ ವಿಷಯ ಗೊತ್ತಾದ ತಕ್ಷಣ ನೆಂಟರು, ಅಕ್ಕಪಕ್ಕದವರು, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಉತ್ತರಗಳಲ್ಲಿ ನಾನು ಕಣ್ಣಾರೆ ನೋಡಿದ್ದು ಸ್ವಲ್ಪ ಇದೆ. ಹೆಚ್ಚಿನದು ಒಂದೇ ಗುಂಪಿನ ಮಕ್ಕಳನ್ನು ಇಪ್ಪತ್ತು, ನಲವತ್ತು, ಅರವತ್ತು ವರ್ಷ ಬಿಡದೆ ಗಮನಿಸಿದ ಅಧ್ಯಯನಗಳಿಂದ ಬಂದದ್ದು. ಇವು ನಡೆದದ್ದು ಬಹುತೇಕ ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್ ಕಡೆ. ಅಲ್ಲಿನ ಬೀದಿ, ಅಲ್ಲಿನ ಪೊಲೀಸರು, ಅಲ್ಲಿನ ಶಾಲೆ ನಮ್ಮದಲ್ಲ, ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಓದಿ.

ಚಿಕ್ಕಂದಿನಲ್ಲಿ ಕದ್ದವನು ದೊಡ್ಡವನಾದ ಮೇಲೂ ಕದಿಯುತ್ತಾನೆ, ಅಲ್ವಾ?

ಇಲ್ಲ. ಮುಕ್ಕಾಲು ಪಾಲು ಗೊಂದಲ ಶುರುವಾಗುವುದೇ ಇಲ್ಲಿ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವ ಗಾದೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಬಗ್ಗಿದ ಮರಗಳು ನಮಗೆ ಕಾಣುವುದೇ ಇಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು 1945ರಲ್ಲಿ ಹುಟ್ಟಿದ 9,945 ಗಂಡುಮಕ್ಕಳ ಪೊಲೀಸ್ ದಾಖಲೆಗಳನ್ನೆಲ್ಲ ತೆಗೆದು ನೋಡಿದರು. 18 ತುಂಬುವಷ್ಟರಲ್ಲಿ ಮೂವರಲ್ಲಿ ಒಬ್ಬನ ಹೆಸರು ಒಮ್ಮೆಯಾದರೂ ಪೊಲೀಸರ ಪುಸ್ತಕಕ್ಕೆ ಬಂದಿತ್ತು. ಹಾಗೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುಡುಗರು ಒಂದೇ ಸಲಕ್ಕೆ ನಿಂತುಬಿಟ್ಟರು. ಇನ್ನೊಂದು ಕಡೆ 627 ಹುಡುಗರಿದ್ದರು, ಒಟ್ಟಿನಲ್ಲಿ ಶೇ. 6ರಷ್ಟು. ಅವರೊಬ್ಬೊಬ್ಬರೂ ಐದು ಅಥವಾ ಹೆಚ್ಚು ಸಲ ಸಿಕ್ಕಿಬಿದ್ದವರು. ಇಡೀ ಗುಂಪಿನ ಅಪರಾಧಗಳಲ್ಲಿ ಶೇ. 52ರಷ್ಟು ಇವರದ್ದೇ. ಈ ಲೆಕ್ಕ 1972ರಲ್ಲಿ ಪ್ರಕಟವಾಯಿತು, ಆಮೇಲೆ ಲಂಡನ್ನಿನಲ್ಲೂ ಇಂಥದ್ದೇ ಚಿತ್ರ ಕಂಡುಬಂತು.

ಹಾಗಾದ್ರೆ ಆ ಶೇ. 6 ಹುಡುಗರನ್ನು ಮೊದಲೇ ಗುರುತಿಸಿ ಸರಿ ಮಾಡಬಹುದಲ್ಲ?

ಎಲ್ಲರಿಗೂ ಬರುವ ಯೋಚನೆ ಇದು. ಸರ್ಕಾರಗಳಿಗೂ ಬಂದಿತ್ತು. ಸಮಸ್ಯೆ ಏನೆಂದರೆ ಹಿಂದಕ್ಕೆ ತಿರುಗಿ ನೋಡುವುದು ಸುಲಭ, ಮುಂದಕ್ಕೆ ನೋಡುವುದು ಕಷ್ಟ. ಲೀ ರಾಬಿನ್ಸ್ ಎಂಬ ಸಂಶೋಧಕಿ 1966ರಷ್ಟು ಹಿಂದೆಯೇ ಇದನ್ನು ತೋರಿಸಿಕೊಟ್ಟರು. ಅಪರಾಧದಲ್ಲೇ ಮುಳುಗಿದ ದೊಡ್ಡವರ ಬಾಲ್ಯ ಕೆದಕಿದರೆ ಬಹುತೇಕ ಎಲ್ಲರೂ ತುಂಟತನ ಮೀರಿದ ಮಕ್ಕಳೇ ಆಗಿರುತ್ತಾರೆ. ಆದರೆ ಅಂಥ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಂದೆ ಏನಾದರು ಅಂತ ನೋಡಿದರೆ, ಹೆಚ್ಚಿನವರು ಹಾಗೆ ಆಗಿರುವುದಿಲ್ಲ.

ಅಂದರೆ ಹತ್ತು ವರ್ಷದ ಒಬ್ಬ ಹುಡುಗನ ಹಣೆಗೆ "ಇವನು ಮುಂದೆ ರೌಡಿ" ಅಂತ ಚೀಟಿ ಅಂಟಿಸಿದರೆ ತಪ್ಪಾಗುವ ಸಂಭವವೇ ಜಾಸ್ತಿ. ಮತ್ತು ಆ ಚೀಟಿ ಸುಮ್ನೆ ಕೂರುವುದಿಲ್ಲ, ಅದೇ ಒಂದು ಕಾರಣ ಆಗುತ್ತದೆ. ಮುಂದೆ ಅದರ ಬಗ್ಗೆ ಹೇಳುತ್ತೇನೆ.

ಹದಿನೈದು ಹದಿನಾರರಲ್ಲೇ ಯಾಕೆ ಇಷ್ಟೊಂದು?

ಅಪರಾಧ ಮತ್ತು ವಯಸ್ಸಿನ ನಂಟನ್ನು 1831ರಲ್ಲೇ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞ ಬರೆದಿಟ್ಟಿದ್ದಾರೆ. ಈಗಿನ ಲೆಕ್ಕಗಳ ಪ್ರಕಾರ ಅಪರಾಧ ಹದಿಹರೆಯದಲ್ಲಿ ಏರುತ್ತದೆ, ಹದಿನೇಳು ಹದಿನೆಂಟರ ಆಸುಪಾಸು ತುದಿ ಮುಟ್ಟುತ್ತದೆ, ಇಪ್ಪತ್ತೈದರ ಹೊತ್ತಿಗೆ ಇಳಿಯುತ್ತದೆ. ದೇಶ, ಕಾಲ ಬದಲಾದರೆ ತುದಿ ಸ್ವಲ್ಪ ಆಚೀಚೆ ಆಗಬಹುದು ಅಷ್ಟೇ.

ಆ ವಯಸ್ಸಲ್ಲಿ ಮಿದುಳಿನಲ್ಲಿ ಆಸೆ, ರೋಮಾಂಚನದ ಭಾಗ ಬೇಗ ಬಲಿಯುತ್ತದೆ, "ಸ್ವಲ್ಪ ತಾಳು" ಅನ್ನುವ ಮುಂಭಾಗ ನಿಧಾನ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಒಬ್ಬನೇ ಕೂತು ಆಡಿದಾಗ ಹದಿಹರೆಯದವರಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಹಿಂದೆ ಇಬ್ಬರು ಗೆಳೆಯರನ್ನು ನಿಲ್ಲಿಸಿದ ಕೂಡಲೇ ಹುಡುಗರು ತೆಗೆದುಕೊಂಡ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ದೊಡ್ಡವರದ್ದು ಇದ್ದಹಾಗೇ ಇತ್ತು. ಒಬ್ಬನೇ ಇದ್ದಾಗ ಬೈಕ್ ಕೀಲಿ ಮುರಿಯದ ಹುಡುಗ ಮೂವರು ಸೇರಿದಾಗ ಮುರಿಯುತ್ತಾನೆ. ಇಂಥವರಲ್ಲಿ ಹೆಚ್ಚಿನವರು ವಯಸ್ಸಾದ ಹಾಗೆ ತಾವೇ ಬಿಡುತ್ತಾರೆ.

ಸರಿ, ಬಿಡದವರಲ್ಲಿ ಏನು ಬೇರೆ ಇರುತ್ತದೆ?

ಇದಕ್ಕೆ ಎಲ್ಲರೂ ಮೊದಲು ಹೆಸರಿಸುವುದು ಟೆರ್ರಿ ಮಾಫಿಟ್ ಎಂಬ ಮನಃಶಾಸ್ತ್ರಜ್ಞೆಯನ್ನು. ನ್ಯೂಜಿಲೆಂಡಿನ ಡನೀಡನ್ ಎಂಬ ಊರಿನಲ್ಲಿ 1972 ಮತ್ತು 73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿನವರೆಗೂ ಗಮನಿಸುತ್ತಾ ಬಂದಿದ್ದಾರೆ. ಅವರಿಗೆ 45 ವರ್ಷ ಆದಾಗಲೂ, ಬದುಕಿದ್ದವರಲ್ಲಿ ನೂರಕ್ಕೆ 94 ಮಂದಿ ತಪಾಸಣೆಗೆ ಬಂದರು ಅಂದರೆ ಆ ಕೆಲಸದ ಶ್ರದ್ಧೆ ಎಂಥದ್ದು ನೋಡಿ. 1993ರಲ್ಲಿ ಮಾಫಿಟ್ ಹೇಳಿದ್ದು ಹೀಗೆ: ಹದಿಹರೆಯದಲ್ಲಿ ಶುರು ಮಾಡಿ ಅಲ್ಲೇ ಮುಗಿಸುವವರ ಗುಂಪು ಒಂದು, ಅದು ದೊಡ್ಡದು. ಮೂರು ನಾಲ್ಕು ವರ್ಷದಿಂದಲೇ ಒಂದಲ್ಲ ಒಂದು ತೊಂದರೆ ಇದ್ದು, ದೊಡ್ಡವರಾದ ಮೇಲೂ ಮುಂದುವರಿಸುವವರ ಗುಂಪು ಇನ್ನೊಂದು, ಅದು ಬಹಳ ಸಣ್ಣದು.

ಈ ಎರಡನೇ ಗುಂಪಿನ ಮಕ್ಕಳಿಗೆ ಮೊದಲು ಸಿಗುವುದು ಒಂದು ಸಣ್ಣ ಕೊರತೆ. ಮಾತು ತಡ, ಗಮನ ನಿಲ್ಲದು, ಸಿಟ್ಟು ತಡೆಯಲಾಗದು, ಅಕ್ಷರ ಕೂಡಿಬರದು. ಅದಷ್ಟೇ ಇದ್ದರೆ ಏನೂ ಆಗದಿರಬಹುದು. ತಾಳ್ಮೆ, ಸಮಯ, ಸ್ವಲ್ಪ ದುಡ್ಡು ಇರುವ ಮನೆಯಲ್ಲಿ ಅಂಥ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಟ್ಯೂಷನ್ ಹಾಕುತ್ತಾರೆ. ಅಮ್ಮ ಎರಡು ಮನೆಯ ಪಾತ್ರೆ ತೊಳೆದು ಸುಸ್ತಾಗಿ ಬರುವ, ಅಪ್ಪ ಕುಡಿದು ಬರುವ ಮನೆಯಲ್ಲಿ ಅದೇ ಮಗುವಿಗೆ ಸಿಗುವುದು ಹೊಡೆತ. ಹೊಡೆತ ತಿಂದು ಮೊಂಡಾಗುತ್ತದೆ. ಮೊಂಡಾಯಿತು ಅಂತ ಶಾಲೆಯಲ್ಲಿ ಕೊನೇ ಬೆಂಚಿಗೆ ಕಳಿಸುತ್ತಾರೆ. ಒಂದು ಇನ್ನೊಂದನ್ನು ಎಳೆದು ತರುತ್ತದೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹದಿನೈದು ವರ್ಷ, ಎಂಟನೇ ಕ್ಲಾಸಿನವರೆಗೆ ಹೋಗಿದ್ದ. ಭಾನುವಾರ ಎಲ್ಲರನ್ನೂ ಸುತ್ತ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತಿದ್ದೆ. ಪ್ರತಿ ವಾರ ಇವನು ಜಗಳ ತೆಗೆಯುತ್ತಿದ್ದ. ಪಕ್ಕದವನ ಕಾಲಿಗೆ ಒದೆಯುವುದು, ಬೈಯುವುದು, ಪುಸ್ತಕ ಎಸೆಯುವುದು. ಮೂರು ನಾಲ್ಕು ವಾರ ನಾನೂ ಗದರಿದೆ. ಆಮೇಲೆ ಒಂದು ದಿನ ಹೊಳೆಯಿತು, ಜಗಳ ಶುರುವಾಗುವುದು ಯಾವಾಗಲೂ ಇವನ ಸರದಿಗೆ ಇಬ್ಬರು ಇರುವಾಗ. ಆಮೇಲೆ ಒಬ್ಬನನ್ನೇ ಕೂರಿಸಿ ನೋಡಿದೆ. "ಅಮ್ಮ", "ಅಕ್ಕ" ಓದುತ್ತಾನೆ, ಆ ಎರಡು ಪದದ ಆಕಾರ ಗೊತ್ತು. ಬೇರೆ ಯಾವ ಒತ್ತಕ್ಷರವೂ ಬರುವುದಿಲ್ಲ. ಎಂಟು ವರ್ಷ ಶಾಲೆಯಲ್ಲಿ ಕೂತು, ಓದಲು ಬರುವುದಿಲ್ಲ ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗದಿರಲಿ ಅಂತ ಪೋಕರಿ ಅನ್ನುವ ಹೆಸರು ಕೊಂಡುಕೊಂಡಿದ್ದ ಅವನು. "ದಡ್ಡ ಅನ್ನೋದಕ್ಕಿಂತ ರೌಡಿ ಅನ್ನೋದು ಬೆಟರ್ ಮಿಸ್" ಅಂತ ಅವನೇ ಹೇಳಿದ.

ಇದು ರಕ್ತದಲ್ಲೇ ಇರುತ್ತದಾ? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ?

ಲಂಡನ್ನಿನ ದಕ್ಷಿಣ ಭಾಗದ 411 ಹುಡುಗರನ್ನು 1961ರಿಂದ ಗಮನಿಸಿದ ಇನ್ನೊಂದು ಅಧ್ಯಯನ ಇದೆ. ಡೊನಾಲ್ಡ್ ವೆಸ್ಟ್ ಶುರು ಮಾಡಿದ್ದು, ಡೇವಿಡ್ ಫ್ಯಾರಿಂಗ್ಟನ್ ಮುಂದುವರಿಸಿದ್ದು. ಆ ಹುಡುಗರ ಕುಟುಂಬಗಳ ಒಟ್ಟು ಶಿಕ್ಷೆಗಳಲ್ಲಿ ಸುಮಾರು ಅರ್ಧ ಬರೀ ಶೇ. 6ರಷ್ಟು ಮನೆಗಳಿಂದ ಬಂದವು. ಕೇಳಿದ ತಕ್ಷಣ "ನೋಡಿ, ರಕ್ತ" ಅನ್ನಬೇಕು ಅನ್ನಿಸುತ್ತದೆ. ಆದರೆ ಒಂದೇ ಮನೆ ಅಂದರೆ ಒಂದೇ ಬಡತನ, ಒಂದೇ ಬೀದಿ, ಒಂದೇ ಶಾಲೆ, ಮತ್ತು ಆ ಮನೆಯ ಹೆಸರು ಕೇಳಿದರೆ ಹುಬ್ಬೇರಿಸುವ ಅದೇ ಪೊಲೀಸರು.

ಜೀನುಗಳ ಪಾತ್ರ ಇಲ್ಲ ಅಂತ ನಾನು ಹೇಳುವುದಿಲ್ಲ, ಸಿಟ್ಟು, ಆತುರದಂಥ ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ಡನೀಡನ್ ಮಕ್ಕಳಲ್ಲೇ 2002ರಲ್ಲಿ ಒಂದು ಜೀನನ್ನು ನೋಡಿದಾಗ ಸಿಕ್ಕಿದ್ದು ಏನೆಂದರೆ, ಅದು ಇದ್ದ ಮಾತ್ರಕ್ಕೆ ಏನೂ ಆಗಲಿಲ್ಲ, ಆ ಮಗು ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದ್ದರೆ ಮಾತ್ರ ವ್ಯತ್ಯಾಸ ಕಂಡಿತು. ಆಮೇಲಿನ ಅಧ್ಯಯನಗಳಲ್ಲಿ ಇದು ಕೆಲವು ಕಡೆ ನಿಂತಿತು, ಕೆಲವು ಕಡೆ ನಿಲ್ಲಲಿಲ್ಲ. ಯಾವುದೇ ಜೀನ್ ತೋರಿಸಿ "ಇವನು ಕಳ್ಳ" ಅನ್ನಲು ಬರುವುದಿಲ್ಲ.

ಹೊಡೆತ ತಿಂದು ಬೆಳೆದವರೆಲ್ಲ ಹೀಗಾಗ್ತಾರಾ?

ಇಲ್ಲ. ಅಮೆರಿಕದಲ್ಲಿ ಕ್ಯಾಥಿ ವಿಡಮ್ ಎಂಬ ಸಂಶೋಧಕಿ, ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದ 908 ಮಕ್ಕಳನ್ನು ಅದೇ ವಯಸ್ಸಿನ, ಅಂಥದ್ದೇ ಹಿನ್ನೆಲೆಯ ಬೇರೆ ಮಕ್ಕಳ ಜೊತೆ ಹೋಲಿಸಿದರು. ಹದಿನೆಂಟರೊಳಗೆ ಬಂಧನಕ್ಕೆ ಒಳಗಾದವರು ಹಿಂಸೆ ಅಥವಾ ನಿರ್ಲಕ್ಷ್ಯ ಕಂಡವರಲ್ಲಿ ಶೇ. 26, ಉಳಿದವರಲ್ಲಿ ಶೇ. 17. ವ್ಯತ್ಯಾಸ ನಿಜ, ಸಣ್ಣದೂ ಅಲ್ಲ. ಆದರೆ ಅಷ್ಟು ನೋವು ತಿಂದೂ ನಾಲ್ವರಲ್ಲಿ ಮೂವರು ಹದಿನೆಂಟರವರೆಗೆ ಒಮ್ಮೆಯೂ ಬಂಧನಕ್ಕೆ ಒಳಗಾಗಲಿಲ್ಲ ಅನ್ನುವುದನ್ನು ಮರೆಯಬಾರದು.

ಎಲ್ಲ ಸಹವಾಸ ದೋಷ ಅಂತಾರಲ್ಲ?

ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುವುದರಲ್ಲಿ ನಿಜ ಇದೆ. ಆದರೆ ಕೆಟ್ಟ ಸಹವಾಸ ಅಂದರೆ ನಾವು ಬೀದಿ ಕೊನೆಯ ಟೀ ಅಂಗಡಿ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಸಹವಾಸ ಮಾಡಿಸುವವರು ನಾವೇ.

1939ರಲ್ಲಿ ಅಮೆರಿಕದ ಕೇಂಬ್ರಿಜ್ ಮತ್ತು ಸಮರ್ವಿಲ್ ಎಂಬ ಊರುಗಳಲ್ಲಿ 506 ಹುಡುಗರನ್ನು ಜೋಡಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಐದಾರು ವರ್ಷ ಎಲ್ಲ ಸಹಾಯ ಕೊಟ್ಟರು. ಟ್ಯೂಷನ್, ವೈದ್ಯರು, ಸಲಹೆಗಾರರು, ಬೇಸಿಗೆ ಶಿಬಿರ, ಎಲ್ಲ. ಮೂವತ್ತು ವರ್ಷದ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ನೋಡಿದಾಗ, ಸಹಾಯ ಪಡೆದವರೇ ಹೆಚ್ಚು ಹಾಳಾಗಿದ್ದರು. ಯಾಕೆ ಅಂತ ಕೆದಕಿದಾಗ ಒಂದು ಕಾರಣ ಎದ್ದು ಕಂಡಿತು: ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರ ಸ್ಥಿತಿ ತೀರಾ ಕೆಟ್ಟಿತ್ತು. ತೊಂದರೆಯ ಹುಡುಗರನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದಾಗ ಅವರು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಾರೆ. ನಾನಿದ್ದ ಜಾಗದಲ್ಲೂ ಮೊಬೈಲ್ ಕದ್ದು ಬಂದವನು ಬೀಗ ಮುರಿಯುವುದು ಹೇಗೆ ಅಂತ ಮಧ್ಯಾಹ್ನದ ಊಟದ ಹೊತ್ತಿಗೆ ಕಲಿಯುತ್ತಿದ್ದ.

ಒಳಗೆ ಹಾಕಿದರೆ ಬುದ್ಧಿ ಬರುತ್ತದೆ, ಬಿಟ್ಟರೆ ಕೊಬ್ಬುತ್ತಾರೆ. ಇದಕ್ಕೇನು ಹೇಳ್ತೀರಿ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಒಳಗೆ ಹೋದವರು ಮತ್ತೆ ಅಪರಾಧ ಮಾಡುತ್ತಾರೆ ಅಂದರೆ, ಅವರು ಮೊದಲೇ ಹೆಚ್ಚು ಕೆಟ್ಟವರಿದ್ದರು, ಅದಕ್ಕೇ ಒಳಗೆ ಹೋದರು ಅಂತ ಯಾರಾದರೂ ಹೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಿದ್ದು ಷಿಕಾಗೋದಲ್ಲಿ. ಅಲ್ಲಿ ಬಾಲಾಪರಾಧದ ಕೇಸು ಯಾವ ಜಡ್ಜ್ ಮುಂದೆ ಬರುತ್ತದೆ ಅನ್ನುವುದು ಬಹುಮಟ್ಟಿಗೆ ಅದೃಷ್ಟ. ಕೆಲವು ಜಡ್ಜ್ ಕಟ್ಟುನಿಟ್ಟು, ಕೆಲವರು ಮೆದು. ಆನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಎಂಬ ಅರ್ಥಶಾಸ್ತ್ರಜ್ಞರು ಹತ್ತು ವರ್ಷದ, 35 ಸಾವಿರದಷ್ಟು ಮಕ್ಕಳ ದಾಖಲೆಗಳನ್ನು ಹಿಡಿದು, ಒಂದೇ ತರಹದ ಹುಡುಗರು ಬೇರೆ ಬೇರೆ ಜಡ್ಜ್ ಕೈಗೆ ಸಿಕ್ಕಾಗ ಏನಾಯಿತು ಅಂತ ನೋಡಿದರು. ಕಟ್ಟುನಿಟ್ಟಿನ ಜಡ್ಜ್ ಸಿಕ್ಕಿ ಒಳಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಕಡಿಮೆ, ದೊಡ್ಡವರಾದ ಮೇಲೆ ಜೈಲಿಗೆ ಹೋದವರು ಜಾಸ್ತಿ. ಹುಡುಗರು ಅದೇ ಹುಡುಗರು.

ಇದೊಂದೇ ಅಲ್ಲ. ಫಿಲಡೆಲ್ಫಿಯಾ ಮತ್ತು ಫೀನಿಕ್ಸ್‌ನಲ್ಲಿ ಗಂಭೀರ ಅಪರಾಧ ಮಾಡಿದ 1,354 ಮಕ್ಕಳನ್ನು ಏಳು ವರ್ಷ ಗಮನಿಸಿದರು. ಇವು ಸಣ್ಣಪುಟ್ಟ ಕೇಸುಗಳಲ್ಲ. ಆದರೂ ಅವರಲ್ಲಿ ಹೆಚ್ಚಿನ ಮಟ್ಟದಲ್ಲೇ ಮುಂದುವರಿದವರು ಹತ್ತರಲ್ಲಿ ಒಬ್ಬನಷ್ಟೇ. ಹೆಚ್ಚು ದಿನ ಒಳಗಿಟ್ಟದ್ದರಿಂದ ಮತ್ತೆ ತಪ್ಪು ಮಾಡುವುದು ಕಡಿಮೆ ಆಗಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1998ರಲ್ಲಿ ಹೈಸ್ಕೂಲ್ ಸೇರಿದ ಸುಮಾರು 4,300 ಮಕ್ಕಳ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿಸಿತು. ಒಂದೇ ತರಹದ ತಪ್ಪು ಮಾಡಿದ ಹುಡುಗರಲ್ಲಿ, ವ್ಯವಸ್ಥೆಯೊಳಗೆ ಆಳಕ್ಕೆ ಹೋದವರಿಗೆ ಹೊರಬರುವುದು ಕಷ್ಟವಾಯಿತು. ಒಮ್ಮೆ ಗುರುತಾದವನನ್ನೇ ಪೊಲೀಸರು ಮತ್ತೆ ಮತ್ತೆ ಹಿಡಿಯುತ್ತಿದ್ದರು.

ಹೆದರಿಸುವುದರ ಕಥೆಯೂ ಅಷ್ಟೇ. 1970ರ ದಶಕದಲ್ಲಿ ನ್ಯೂಜೆರ್ಸಿಯ ಒಂದು ಜೈಲಿನಲ್ಲಿ ಶುರುವಾದ ಪದ್ಧತಿ, ಹುಡುಗರನ್ನು ಒಳಗೆ ಕರೆದೊಯ್ದು ಜೀವಾವಧಿ ಕೈದಿಗಳಿಂದ ಕಿರುಚಿಸಿ ಹೆದರಿಸುವುದು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಅಳೆದಾಗ, ಹೋಗಿ ಬಂದವರೇ ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು.

ಯಾರನ್ನೂ ಒಳಗಿಡಲೇ ಬಾರದು ಅಂತ ಇದರ ಅರ್ಥವಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯ ಇರುವಾಗ ಇಡಲೇಬೇಕಾಗುತ್ತದೆ. ಆದರೆ ಬುದ್ಧಿ ಬರಲಿ ಅಂತ ಇಡುತ್ತಿದ್ದೇವೆ ಅಂದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಹೊರಗೆ ಬಂದ ಮೇಲೆ ಹೊಸದಾಗಿ ಬದುಕಬಹುದಲ್ಲ? ಯಾರು ಬೇಡ ಅಂತಾರೆ?

ಬಾಯಿ ಬಿಟ್ಟು ಯಾರೂ ಬೇಡ ಅನ್ನುವುದಿಲ್ಲ. ಮೇಲೆ ಹೇಳಿದ ಹುಡುಗನನ್ನೇ ತೆಗೆದುಕೊಳ್ಳಿ. ಹೊರಗೆ ಬಂದಾಗ ಹದಿನೇಳು. ಶಾಲೆಯಲ್ಲಿ ಟಿಸಿ ಕೊಟ್ಟು ಕಳಿಸಿದ್ದರು, ವಾಪಸ್ ಸೇರಿಸಿಕೊಳ್ಳಲಿಲ್ಲ. ಒಂದು ಬೈಕ್ ಗ್ಯಾರೇಜಿಗೆ ಸೇರಿದ. ಕೈ ಚುರುಕು, ಇಂಜಿನ್ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲಾಗಿದೆ ಅಂತ ಹೇಳುತ್ತಿದ್ದ. ಮಾಲೀಕರಿಗೂ ಇಷ್ಟ ಆಗಿದ್ದ.

ಎರಡು ತಿಂಗಳಾದ ಮೇಲೆ ಆ ಏರಿಯಾದಲ್ಲಿ ಒಂದು ಬೈಕ್ ಕಳುವಾಯಿತು. ಪೇದೆಯೊಬ್ಬರು ಬಂದು ಇವನನ್ನು ಸುಮ್ನೆ ವಿಚಾರಿಸಿ ಹೋದರು. ಮೂರು ವಾರಕ್ಕೆ ಇನ್ನೊಂದು ಬೈಕ್, ಈ ಸಲ ಸ್ಟೇಷನ್ನಿಗೆ ಕರೆದೊಯ್ದು ಸಂಜೆ ಬಿಟ್ಟರು. ಎರಡರಲ್ಲೂ ಇವನ ಕೈವಾಡ ಇರಲಿಲ್ಲ. ಮೂರನೇ ಸಲ ಪೇದೆ ಬಂದಾಗ ಗ್ಯಾರೇಜಿನಲ್ಲಿ ನಾಲ್ಕು ಗಿರಾಕಿಗಳು ನಿಂತಿದ್ದರು. ಆವತ್ತು ರಾತ್ರಿ ಮಾಲೀಕರು ಇವನ ಕೈಗೆ ವಾರದ ದುಡ್ಡು ಕೊಟ್ಟು, "ಹಬ್ಬ ಮುಗಿಸ್ಕೊಂಡು ಬಾರಪ್ಪ, ಆಮೇಲೆ ನೋಡೋಣ" ಅಂದರು. ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಹುಡುಗನಿಗೆ ಅರ್ಥವಾಯಿತು.

ಇಲ್ಲಿ ಯಾರನ್ನು ಬೈಯುವುದು? ಮಾಲೀಕರಿಗೆ ವ್ಯಾಪಾರದ ಚಿಂತೆ. ಪೇದೆಗೆ ಮೇಲಿನವರ ಒತ್ತಡ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು, ಒಂದು ಬಾಗಿಲು ಮುಚ್ಚಿತು. ಅದೇ ವಾರ ಹಳೇ ಗೆಳೆಯನೊಬ್ಬ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದ. ಅವನು ಮಾತ್ರ ಯಾವತ್ತೂ ಬಾಗಿಲು ಮುಚ್ಚಿರಲಿಲ್ಲ. ಯಾಕೆ ಕೆಲವರು ದೊಡ್ಡವರಾದ ಮೇಲೂ ಮುಂದುವರಿಸುತ್ತಾರೆ ಅಂತ ನನ್ನನ್ನು ಕೇಳಿದರೆ, ಮೊದಲು ನೆನಪಾಗುವುದು ಆ ಹಾರ್ನ್.

ಬಿಟ್ಟವರು ಹೇಗೆ ಬಿಟ್ಟರು?

ಬಾಸ್ಟನ್ ಸುತ್ತಮುತ್ತಲಿನ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರನ್ನು ಶೆಲ್ಡನ್ ಮತ್ತು ಎಲೆನರ್ ಗ್ಲುಕ್ ಎಂಬ ದಂಪತಿ ಹಲವು ವರ್ಷ ಗಮನಿಸಿದ್ದರು. ಆ ಕಾಗದಗಳು ಹಾರ್ವರ್ಡ್ ಕಾನೂನು ಶಾಲೆಯ ನೆಲಮಾಳಿಗೆಯಲ್ಲಿ ಧೂಳು ಹಿಡಿದು ಬಿದ್ದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಎಂಬ ಸಂಶೋಧಕರು ಆ ಕಾಗದಗಳನ್ನು ಹೊರತೆಗೆದು, ರಾಬರ್ಟ್ ಸ್ಯಾಂಪ್ಸನ್ ಜೊತೆ ಸೇರಿ, ಆ ಹುಡುಗರು ಎಪ್ಪತ್ತು ವರ್ಷದ ಮುದುಕರಾಗುವವರೆಗೂ ಹಿಂಬಾಲಿಸಿದರು. ಅವರಲ್ಲಿ 52 ಜನರನ್ನು ಕೂರಿಸಿ ಮಾತಾಡಿಸಿದರು.

ಇವರಿಗೆ ಸಿಕ್ಕಿದ ಮುಖ್ಯ ವಿಷಯ: ಬಾಲ್ಯ ನೋಡಿ ಯಾರು ಬಿಡುತ್ತಾರೆ, ಯಾರು ಬಿಡುವುದಿಲ್ಲ ಅಂತ ಹೇಳಲು ಆಗಲಿಲ್ಲ. ಇಪ್ಪತ್ತರ ನಂತರ ಏನು ಸಿಕ್ಕಿತು ಅನ್ನುವುದು ದೊಡ್ಡದಾಗಿತ್ತು. ನಿಲ್ಲುವಂಥ ಒಂದು ಕೆಲಸ, ಕಾಳಜಿ ಮಾಡುವ ಹೆಂಡತಿ, ಊರು ಬಿಡಿಸಿದ ಸೈನ್ಯ. ಇವು ಹಳೇ ಗುಂಪಿನಿಂದ ದೂರ ಎಳೆದವು, ದಿನಕ್ಕೆ ಒಂದು ಲಯ ಕೊಟ್ಟವು, "ಎಲ್ಲಿದ್ದೆ ಇಷ್ಟೊತ್ತು" ಅಂತ ಕೇಳುವವರನ್ನು ಕೊಟ್ಟವು. ಲಂಡನ್ ಹುಡುಗರಲ್ಲೂ ಹೀಗೇ. ಒಬ್ಬನೇ ಹುಡುಗ ಕೆಲಸ ಇದ್ದಾಗ ಕಡಿಮೆ ಅಪರಾಧ ಮಾಡುತ್ತಿದ್ದ, ಕೆಲಸ ಹೋದಾಗ ಜಾಸ್ತಿ, ಅದರಲ್ಲೂ ದುಡ್ಡಿಗೆ ಸಂಬಂಧಪಟ್ಟದ್ದು. ಲಂಡನ್ ಬಿಟ್ಟು ಬೇರೆ ಕಡೆ ಹೋದವರಲ್ಲೂ ಇಳಿಯಿತು.

ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ಶಾಡ್ ಮರೂನಾ ಎಂಬವರು ಬಿಟ್ಟವರನ್ನೂ ಬಿಡದವರನ್ನೂ ಕೂರಿಸಿ ಅವರ ಜೀವನದ ಕಥೆ ಕೇಳಿದರು. ಇಬ್ಬರ ಕಷ್ಟವೂ ಹೆಚ್ಚುಕಡಿಮೆ ಒಂದೇ. ಬಿಡದವರು "ನನ್ನ ಹಣೆಬರಹವೇ ಇಷ್ಟು" ಅನ್ನುವ ಧಾಟಿಯಲ್ಲಿ ಹೇಳಿದರು. ಬಿಟ್ಟವರು "ನಾನು ಒಳಗಡೆ ಒಳ್ಳೆಯವನೇ, ದಾರಿ ತಪ್ಪಿತ್ತು, ಯಾರೋ ನನ್ನನ್ನು ನಂಬಿದರು" ಅನ್ನುವ ಧಾಟಿಯಲ್ಲಿ.

ಒಂದು ಮದುವೆ ಮಾಡಿದ್ರೆ ಸರಿ ಹೋಗ್ತಾನಾ?

ದಯವಿಟ್ಟು ಬೇಡ. ಬಾಸ್ಟನ್ನಿನಲ್ಲಿ ಕೆಲಸ ಮಾಡಿದ್ದು ಅವರಿಬ್ಬರೂ ಒಪ್ಪಿ ಗಟ್ಟಿ ಮಾಡಿಕೊಂಡ ಸಂಬಂಧ. ಮಗನನ್ನು ತಿದ್ದುವ ಕೆಲಸವನ್ನು ಇನ್ನೊಬ್ಬರ ಮನೆಯ ಹತ್ತೊಂಬತ್ತು ವರ್ಷದ ಹುಡುಗಿಯ ತಲೆಗೆ ಕಟ್ಟುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಹುಡುಗಿಯರು?

ಹದಿಹರೆಯದಲ್ಲಿ ಮಾತ್ರ ತಪ್ಪು ಮಾಡಿ ನಿಲ್ಲಿಸುವವರಲ್ಲಿ ಹುಡುಗಿಯರೂ ಸಾಕಷ್ಟು ಇರುತ್ತಾರೆ. ಜೀವನಪೂರ್ತಿ ಮುಂದುವರಿಸುವವರಲ್ಲಿ ಡನೀಡನ್ ಲೆಕ್ಕದ ಪ್ರಕಾರ ಹತ್ತು ಗಂಡಸರಿಗೆ ಒಬ್ಬ ಹೆಂಗಸು.

ಕುಡಿತ, ಗಾಂಜಾ ಎಷ್ಟು ಕಾರಣ?

ಬಿಡಲು ಹೊರಟವನ ಕಾಲಿಗೆ ಕಟ್ಟಿದ ಕಲ್ಲು ಅದು. ಫಿಲಡೆಲ್ಫಿಯಾ, ಫೀನಿಕ್ಸ್ ಮಕ್ಕಳಲ್ಲಿ ನಶೆ ಹೆಚ್ಚಿದ್ದವರೇ ಹೆಚ್ಚು ದಿನ ಮುಂದುವರಿಸಿದರು. ಚಿಕಿತ್ಸೆ ಕೊಟ್ಟಾಗ ಅಪರಾಧವೂ ಇಳಿದದ್ದು, ಆ ಚಿಕಿತ್ಸೆಯಲ್ಲಿ ಮನೆಯವರನ್ನೂ ಸೇರಿಸಿಕೊಂಡಾಗ.

ನಮ್ಮ ಕಾನೂನು ಏನು ಹೇಳುತ್ತದೆ?

ಓದಿದರೆ ಆಶ್ಚರ್ಯ ಆಗುವಷ್ಟು ಒಳ್ಳೆಯದನ್ನು ಹೇಳುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ "ಹೊಸ ಆರಂಭ" ಎಂಬ ತತ್ವವೇ ಇದೆ. ಮಗುವಿನ ಹಳೇ ದಾಖಲೆಯನ್ನು ಕೆಲವು ವಿಶೇಷ ಸಂದರ್ಭ ಬಿಟ್ಟು ಅಳಿಸಬೇಕು. 24ನೇ ಸೆಕ್ಷನ್ ಪ್ರಕಾರ, ಹದಿನಾರು ದಾಟಿ ದೊಡ್ಡವರ ಹಾಗೆ ವಿಚಾರಣೆಗೆ ಒಳಗಾಗಿ ತಪ್ಪಿತಸ್ಥರಾದವರನ್ನು ಬಿಟ್ಟು, ಬಾಲ್ಯದ ಆ ಪ್ರಕರಣದಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು. ಮಗುವಿನ ಹೆಸರು, ಫೋಟೋ, ಶಾಲೆ ಯಾವುದನ್ನೂ ಪತ್ರಿಕೆ, ಟಿವಿಯಲ್ಲಿ ಹಾಕುವಂತಿಲ್ಲ. ಲಾಕಪ್ಪಿನಲ್ಲಿ, ಜೈಲಿನಲ್ಲಿ ಇಡುವಂತಿಲ್ಲ. ಸಂಸ್ಥೆಗೆ ಕಳಿಸುವುದು ಕೊನೆಯ ದಾರಿ ಆಗಿರಬೇಕು. ಹದಿನೆಂಟು ತುಂಬಿ ಹೊರಬಂದವರಿಗೆ ಇಪ್ಪತ್ತೊಂದರವರೆಗೆ ಆಸರೆ ಕೊಡುವ ಅವಕಾಶವೂ ಇದೆ. ಬಾಲ್ಯದ ಪ್ರಕರಣ ನೌಕರಿಗೆ ಅಡ್ಡಿ ಆಗಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಒಂದು ಕೇಸಿನಲ್ಲಿ ಹೇಳಿದೆ.

ಇಷ್ಟೆಲ್ಲ ಇದ್ದೂ ಏರಿಯಾದ ಪೇದೆಗೆ ಹುಡುಗನ ಮುಖ ನೆನಪಿರುತ್ತದೆ. ಕಾಗದ ಅಳಿಸಬಹುದು, ಬೀದಿಯ ನೆನಪು ಅಳಿಸಲು ಯಾವ ಸೆಕ್ಷನ್ನೂ ಇಲ್ಲ.

ಹದಿನಾರು ದಾಟಿದವರನ್ನು ದೊಡ್ಡವರ ಹಾಗೇ ವಿಚಾರಣೆ ಮಾಡಬೇಕು ಅಲ್ವಾ?

2012ರ ದೆಹಲಿಯ ನಿರ್ಭಯಾ ಘಟನೆಯ ನಂತರ ದೇಶವೇ ಈ ಪ್ರಶ್ನೆ ಕೇಳಿತು, ಆ ಸಿಟ್ಟು ನನಗೂ ಬಂದಿತ್ತು. ಈಗಿನ ಕಾಯ್ದೆಯಲ್ಲಿ 16ರಿಂದ 18ರೊಳಗಿನವರು ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧ ಮಾಡಿದರೆ, ಬಾಲ ನ್ಯಾಯ ಮಂಡಳಿ ಮೊದಲು ಆ ಮಗುವಿನ ಮನಸ್ಥಿತಿ, ಅರ್ಥಮಾಡಿಕೊಳ್ಳುವ ಶಕ್ತಿ ಎಲ್ಲ ನೋಡಿ, ಬೇಕಿದ್ದರೆ ದೊಡ್ಡವರ ಹಾಗೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರ ಕೋರ್ಟಿಗೆ ಕಳಿಸಿದ ಅನುಭವ ದಶಕಗಳದ್ದು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ನೇಮಿಸಿದ ತಜ್ಞರ ತಂಡ 2007ರಲ್ಲಿ ಅದನ್ನೆಲ್ಲ ತೂಗಿ, ಹಾಗೆ ಕಳಿಸಿದವರಲ್ಲಿ ಮುಂದಿನ ಹಿಂಸೆ ಕಡಿಮೆ ಆಗುವ ಬದಲು ಹೆಚ್ಚಾಯಿತು ಅಂತ ಹೇಳಿತು. ಘೋರ ಅಪರಾಧಕ್ಕೆ ಉತ್ತರ ಬೇಡ ಅನ್ನುತ್ತಿಲ್ಲ. ಆದರೆ ಆ ಹುಡುಗ ಒಂದು ದಿನ ಹೊರಗೆ ಬರುತ್ತಾನೆ, ಯಾರ ಜೊತೆ ಇದ್ದು ಬರುತ್ತಾನೆ ಅನ್ನುವುದನ್ನು ಯೋಚಿಸಲೇಬೇಕು.

ಹಾಗಾದರೆ ನಿಜವಾಗಿ ಏನು ಕೆಲಸ ಮಾಡುತ್ತದೆ?

ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 123 ಬಡ ಮಕ್ಕಳನ್ನು ತೆಗೆದುಕೊಂಡು, ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಶಿಶುವಿಹಾರ ಕೊಟ್ಟರು, ಟೀಚರ್ ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು. ಅವರಿಗೆ ನಲವತ್ತಾದಾಗ ನೋಡಿದರೆ, ಐದು ಅಥವಾ ಹೆಚ್ಚು ಸಲ ಬಂಧನಕ್ಕೊಳಗಾದವರು ಶಿಶುವಿಹಾರದ ಗುಂಪಿನಲ್ಲಿ ಶೇ. 36, ಇನ್ನೊಂದರಲ್ಲಿ ಶೇ. 55. ನಮ್ಮ ಅಂಗನವಾಡಿಗಳನ್ನು ನೋಡಿದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ.

ತಡವಾದರೂ ಮುಗಿದೇಹೋಯಿತು ಅಂತಲ್ಲ. 2012ರಲ್ಲಿ ಷಿಕಾಗೋದ ಒರಟು ಏರಿಯಾಗಳ 1,634 ಹೈಸ್ಕೂಲ್ ಮಕ್ಕಳಲ್ಲಿ ಚೀಟಿ ಎತ್ತಿ ಕೆಲವರಿಗೆ ಬೇಸಿಗೆಯಲ್ಲಿ ಎಂಟು ವಾರದ ಸಂಬಳದ ಕೆಲಸ ಕೊಟ್ಟರು. ಮುಂದಿನ ಹದಿನಾರು ತಿಂಗಳಲ್ಲಿ ಹಿಂಸೆಯ ಕೇಸುಗಳಲ್ಲಿ ಅವರ ಬಂಧನ ಶೇ. 43 ಇಳಿಯಿತು. ಆಫ್ರಿಕಾದ ಲೈಬೀರಿಯಾ ದೇಶದ ಮನ್ರೋವಿಯಾದಲ್ಲಿ ಕಳ್ಳತನ, ಹೊಡೆದಾಟದಲ್ಲೇ ಇದ್ದ 999 ಗಂಡಸರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಎಂಟು ವಾರ, ಸಿಟ್ಟು ತಡೆಯುವುದು, ತನ್ನನ್ನು ತಾನು ಬೇರೆ ರೀತಿ ನೋಡಿಕೊಳ್ಳುವುದು ಕಲಿಸಿದರು, ಕೆಲವರಿಗೆ 200 ಡಾಲರ್ ಕೊಟ್ಟರು, ಕೆಲವರಿಗೆ ಎರಡೂ. ಎರಡೂ ಸಿಕ್ಕವರಲ್ಲಿ ಹತ್ತು ವರ್ಷದ ನಂತರವೂ ಅಪರಾಧ ಅರ್ಧದಷ್ಟು ಕಡಿಮೆ ಇತ್ತು. ಆ ಊರಿನ ಬಡತನ ನಮ್ಮ ಬಡತನಕ್ಕೆ ಹತ್ತಿರದ್ದು, ಅದಕ್ಕೇ ಇದನ್ನು ಎಲ್ಲರಿಗೂ ಹೇಳುತ್ತೇನೆ.

ಕದ್ದವರ ಪರ ಇಷ್ಟು ಮಾತಾಡ್ತೀರಲ್ಲ, ಕಳಕೊಂಡವರ ಕಥೆ?

ನನ್ನ ಚಿಕ್ಕಮ್ಮನ ಸರ ಕಿತ್ತುಕೊಂಡು ಹೋದರು, ಬೆಳಗ್ಗೆ ರಂಗೋಲಿ ಹಾಕುತ್ತಿದ್ದಾಗ. ಕತ್ತಿನ ಗೀರು ಹದಿನೈದು ದಿನಕ್ಕೆ ಮಾಸಿತು. ಬೈಕ್ ಹತ್ತಿರ ಬಂದ ಸದ್ದಾದರೆ ಇವತ್ತಿಗೂ ಅವರ ಕೈ ತಾನಾಗಿ ಕತ್ತಿಗೆ ಹೋಗುತ್ತದೆ. ಈಗ ರಂಗೋಲಿ ಹಾಕುವುದು ಗೇಟಿನ ಒಳಗೆ. ಆ ನೋವಿನ ಮುಂದೆ ನಾನು ಯಾರ ಬಾಲ್ಯದ ಕಥೆಯನ್ನೂ ಹೇಳುವುದಿಲ್ಲ, ಹೇಳಲೂಬಾರದು. ಕಿತ್ತವನು ಉತ್ತರ ಕೊಡಲೇಬೇಕು. ಆದರೆ ಚಿಕ್ಕಮ್ಮ ಒಂದು ಮಾತು ಹೇಳಿದರು, "ನನ್ನ ಸರ ಹೋಯ್ತು, ಇನ್ನೊಬ್ಬಳ ಕತ್ತಿಗೆ ಕೈ ಹಾಕದ ಹಾಗೆ ಏನಾದ್ರೂ ಮಾಡ್ರಪ್ಪ" ಅಂತ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಆ "ಏನಾದ್ರೂ" ಯಾವುದು ಅಂತ ಹುಡುಕಲಿಕ್ಕೇ.

ನಮ್ಮ ಬೀದಿಯ ಹುಡುಗನೊಬ್ಬ ವಾಪಸ್ ಬಂದಿದ್ದಾನೆ. ನಾನೇನು ಮಾಡಬಹುದು?

ಮೊದಲು ಹೆಸರು ಹಿಡಿದು ಮಾತಾಡಿಸಿ. "ಊಟ ಆಯ್ತಾ" ಸಾಕು. ಆಮೇಲೆ ಕಾಗದಗಳು: ಟಿಸಿ, ಆಧಾರ್, ಅಂಕಪಟ್ಟಿ ಇವೆಯಾ ನೋಡಿ, ಅರ್ಧ ಬಾಗಿಲು ಇವಿಲ್ಲದೇ ಮುಚ್ಚಿರುತ್ತದೆ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿಸಬಹುದು. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ವಕೀಲರು ಉಚಿತ. ಪೊಲೀಸರು ಪದೇ ಪದೇ ಕರೆದರೆ ಜೊತೆಗೆ ಒಬ್ಬರು ದೊಡ್ಡವರು ಹೋಗಿ, ಸುಮ್ನೆ ಪಕ್ಕ ನಿಂತರೂ ವ್ಯತ್ಯಾಸ ಆಗುತ್ತದೆ. ಪರಿಚಯದವರ ಅಂಗಡಿ, ಗ್ಯಾರೇಜ್ ಇದ್ದರೆ ಮಾತಾಡಿ, ಸಾಧ್ಯವಾದರೆ ಬೇರೆ ಏರಿಯಾದಲ್ಲಿ. ಒಂದು ಸಲ ಎಡವಿದರೆ ಕೈ ಬಿಡಬೇಡಿ. ಬಿಡುವವರು ಒಂದೇ ದಿನಕ್ಕೆ ಬಿಡುವುದಿಲ್ಲ, ಬಿಟ್ಟು, ಮತ್ತೆ ಜಾರಿ, ಮತ್ತೆ ಬಿಡುತ್ತಾರೆ.

ಆ ಗ್ಯಾರೇಜಿನ ಹುಡುಗನೂ ಒಮ್ಮೆ ಜಾರಿದ. ಆಮೇಲೆ ಅವನ ಸೋದರಮಾವ ಬಂದು ತಮ್ಮೂರಿಗೆ ಕರೆದುಕೊಂಡು ಹೋದರು, ಅಲ್ಲಿನ ಒಂದು ಗ್ಯಾರೇಜಿಗೆ ಸೇರಿಸಿದರು. ಈಗ ಇಪ್ಪತ್ತೊಂದು ವರ್ಷ. ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ, ಗಿರಾಕಿಗೆ ತಾನೇ ಕೈಯಲ್ಲಿ ಬರೆದುಕೊಟ್ಟ ಬಿಲ್ಲಿನದ್ದು. ಮೊದಲನೇ ಸಾಲಿನಲ್ಲಿ "ಕ್ಲಚ್ ಪೇಟ್", ಎರಡನೇದರಲ್ಲಿ "ಬ್ರೇಕ್ ಶೂ". "ಮಿಸ್, ಒತ್ತು ಸರಿ ಇದೆಯಾ ನೋಡಿ" ಅಂತ ಕೆಳಗೆ ಬರೆದಿದ್ದ. ಪ್ಲೇಟಿಗೆ ಒಂದು ಒತ್ತು ಬೇಕು ಅಂತ ಹೇಳಿದೆ. ಹತ್ತು ನಿಮಿಷಕ್ಕೆ ತಿದ್ದಿದ ಬಿಲ್ಲಿನ ಫೋಟೋ ಬಂತು.